ತರಗೆಲೆಗೊಂದು ಹೆಪ್ಪು

ಮಾಘ ಕಳೆದು ಫಾಲ್ಗುಣ ಕಾಲಿಡುತ್ತಿದ್ದಂತೆ ಬೆಂಗಳೂರಿನ ಹಳೆಯ ಬಡಾವಣೆಗಳಲ್ಲಿ ಹೊಂಗೆಯ ಎಲೆ ಉದುರತೊಡಗುತ್ತದೆ. ಅದರ ಜೊತೆಗೆ ಮಹಾಗನಿ, ಅರಳಿ, ಮಳೆಮರ. ಬೆಳ್ಳಂಬೆಳಗ್ಗೆ ಪೌರಕಾರ್ಮಿಕರು ರಸ್ತೆ ಗುಡಿಸಿ ಗುಡ್ಡೆ ಹಾಕಿ ಹೋದರೆ, ತಿಂಡಿಯ ಹೊತ್ತಿಗೆ ಮತ್ತೆ ಅಷ್ಟೇ ಎಲೆ. ಗಾಡಿ ಬಂದು ಎತ್ತದ ಗುಡ್ಡೆಗೆ ಯಾರೋ ಕಡ್ಡಿ ಗೀರುತ್ತಾರೆ. ಮನೆಯಂಗಳದ ಎಲೆ, ಹುಲ್ಲುಹಾಸಿನ ಮೇಲೆ ಬಿದ್ದ ಎಲೆ ಪ್ಲಾಸ್ಟಿಕ್ ಚೀಲ ಸೇರಿ ಕಸದ ಲಾರಿ ಹತ್ತುತ್ತದೆ. ಅದೇ ಮನೆಯವರು ಮುಂಗಾರಿಗೆ ಮುಂಚೆ ನರ್ಸರಿಗೆ ಹೋಗಿ ಚೀಲದ ಗೊಬ್ಬರ ಕೊಂಡು ತರುತ್ತಾರೆ. ವರ್ಷವರ್ಷವೂ ಇದನ್ನು ನೋಡಿ ನನಗೆ ಸಂಕಟವಾಗುತ್ತದೆ. ಗೊಬ್ಬರದ ಬಗ್ಗೆ ಜಗತ್ತಿನ ಯಾವ ಕೈಪಿಡಿ ತೆರೆದರೂ ಸಾಮಾನ್ಯವಾಗಿ ಎರಡು ಭಾರತೀಯ ಊರುಗಳ ಹೆಸರು ಸಿಗುತ್ತವೆ. ಒಂದು ಇಂದೋರ್, ಇನ್ನೊಂದು ನಮ್ಮ ಬೆಂಗಳೂರು.

ನಮ್ಮೂರಿಗೆ ಆ ಹೆಸರು ಬಂದ ದಾರಿ ವಿಚಿತ್ರವಾದದ್ದು. ಅದು ಮ್ಯಾಂಚೆಸ್ಟರಿನ ಕೊಳಚೆ ನೀರಿನಿಂದ ಹೊರಡುತ್ತದೆ.

ಗಿಲ್ಬರ್ಟ್ ಫೌಲರ್ ಎಂಬ ರಸಾಯನಶಾಸ್ತ್ರಜ್ಞರು ಅಲ್ಲಿನ ನಗರಾಡಳಿತಕ್ಕೆ ಸಲಹೆ ಕೊಡುತ್ತಿದ್ದರು. 1912ರಲ್ಲಿ ಅಮೆರಿಕಕ್ಕೆ ಹೋದಾಗ ಮ್ಯಾಸಚೂಸೆಟ್ಸ್‌ನ ಲಾರೆನ್ಸ್ ಪ್ರಯೋಗ ಕೇಂದ್ರದಲ್ಲಿ ಕೊಳಚೆಗೆ ಗಾಳಿ ಊದಿ ತಿಳಿಗೊಳಿಸುವ ಪ್ರಯೋಗಗಳನ್ನು ಕಂಡರು. ಮರಳಿ ಬಂದು ಆರ್ಡರ್ನ್ ಮತ್ತು ಲಾಕೆಟ್ ಎಂಬಿಬ್ಬರಿಗೆ ಅದನ್ನು ಮಾಡಿ ನೋಡಲು ಹೇಳಿದರು. ಆ ಇಬ್ಬರೂ ತಿಳಿನೀರನ್ನು ಬಸಿದು, ತಳದ ಕೆಸರನ್ನು ಚೆಲ್ಲದೆ ಅದರ ಮೇಲೆಯೇ ಹೊಸ ಕೊಳಚೆ ಸುರಿದರು. ಮತ್ತೆ ಗಾಳಿ, ಮತ್ತೆ ಬಸಿಯುವುದು. ಪ್ರತಿ ಸಲವೂ ಕೆಲಸ ಮುಂಚಿಗಿಂತ ಬೇಗ ಮುಗಿಯುತ್ತ ಬಂತು. ನಿನ್ನೆಯ ಮೊಸರು ಇವತ್ತಿನ ಹಾಲಿಗೆ ಹೆಪ್ಪಾದ ಹಾಗೆ ಹಳೆಯ ಕೆಸರಿನಲ್ಲಿದ್ದ ಸೂಕ್ಷ್ಮಜೀವಿಗಳು ಹೊಸ ಕೊಳಚೆಗೆ ಹೆಪ್ಪಾಗಿದ್ದವು. 1914ರಲ್ಲಿ ಲೋಕಕ್ಕೆ ತಿಳಿಸಿದ ಈ ಕ್ರಮದ ಮೇಲೆಯೇ ಇಂದಿಗೂ ದೊಡ್ಡ ಊರುಗಳ ಕೊಳಚೆ ಶುದ್ಧೀಕರಣ ಘಟಕಗಳು ನಡೆಯುತ್ತಿವೆ.

ಇಷ್ಟು ದೊಡ್ಡ ಕೆಲಸದ ಹಿಂದಿದ್ದ ಫೌಲರ್ 1916ರಲ್ಲಿ ಬೆಂಗಳೂರಿಗೆ, ಊರಿನವರು ಟಾಟಾ ಇನ್‌ಸ್ಟಿಟ್ಯೂಟ್ ಎಂದು ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದರು. 1921ರಲ್ಲಿ ಶುರುವಾದ ಜೀವರಸಾಯನ ವಿಭಾಗದ ಮೊದಲ ಮುಖ್ಯಸ್ಥರೂ ಅವರೇ. ಇಲ್ಲಿ ಅವರ ಕಣ್ಣು ಬಿದ್ದದ್ದು ಕಸದ ಮೇಲೆ. ಕೆಸರಿಗೆ ಹೆಪ್ಪು ಹಾಕಬಹುದಾದರೆ ಎಲೆಕಸಕ್ಕೆ ಯಾಕಾಗದು? ಅರ್ಧ ಕೊಳೆತು ಬಿಸಿಯಾಗಿರುವ ರಾಶಿಗೆ ಸ್ವಲ್ಪಸ್ವಲ್ಪವೇ ಹೊಸ ಕಸ ಸೇರಿಸುತ್ತ ಹೋದರೆ ಅದೂ ಬೇಗ ಕೊಳೆಯುತ್ತದೆ ಎಂದು ಫೌಲರ್ ಮತ್ತು ಅವರ ಜೊತೆಗಾರ ರೇಗೆ 1920ರ ದಶಕದಲ್ಲಿ ತೋರಿಸಿದರು. ನಮ್ಮ ಹಳ್ಳಿಯ ತಿಪ್ಪೆ ನಡೆಯುವುದೂ ಇದೇ ಹಾದಿಯಲ್ಲಿ. ದಿನದ ಗಂಜಲ, ಸಗಣಿ, ಅಂಗಳ ಗುಡಿಸಿದ ಕಸವೆಲ್ಲ ಹಳೆಯದರ ಮೇಲೆಯೇ ಬೀಳುತ್ತದೆ. ಬೇಸಿಗೆಯಲ್ಲಿ ಗೊಬ್ಬರ ಹೊಲಕ್ಕೆ ಹೋದರೂ ತಿಪ್ಪೆ ಪೂರಾ ಬರಿದಾಗುವುದಿಲ್ಲ. ದೀಪಾವಳಿಯಲ್ಲಿ ತಿಪ್ಪೆಗೂ ದೀಪವಿಟ್ಟು ಕೈಮುಗಿದ ಜನಕ್ಕೆ ಹೆಪ್ಪಿನ ವಿದ್ಯೆಯನ್ನು ಯಾರೂ ಹೇಳಿಕೊಡಬೇಕಿರಲಿಲ್ಲ.

ಆದರೆ ಲೋಕಪ್ರಸಿದ್ಧವಾದದ್ದು ಇಂದೋರ್. ಸಸ್ಯವಿಜ್ಞಾನಿ ಆಲ್ಬರ್ಟ್ ಹೊವಾರ್ಡ್ 1924ರಿಂದ 1931ರವರೆಗೆ ಅಲ್ಲಿದ್ದರು. ಸಸ್ಯದ ಕಸ, ಸಗಣಿ, ಗಂಜಲ ಹೀರಿದ ಮಣ್ಣು, ಬೂದಿ ಸೇರಿಸಿ, ನೀರು ಚಿಮುಕಿಸಿ, ಹಲವು ಬಾರಿ ಮಗುಚಿ ಸುಮಾರು ಮೂರು ತಿಂಗಳಲ್ಲಿ ಗೊಬ್ಬರ ಮಾಡಿದರು. ಜೊತೆಗಾರ ಯಶವಂತ ವಾಡ್ ಅವರೊಡನೆ 1931ರಲ್ಲಿ ಇದರ ಬಗ್ಗೆ ಪುಸ್ತಕ ಬರೆದರು. ಇಂದು ಸಾವಯವ ಕೃಷಿಯ ಮಾತೆತ್ತಿದರೆ ಮೊದಲು ಬರುವ ಹೆಸರು ಹೊವಾರ್ಡ್ ಅವರದು. ಅವರ ಹಿರಿಮೆಯಲ್ಲಿ ನನಗೆ ತಕರಾರಿಲ್ಲ. ಫೌಲರ್ ಅವರನ್ನು ಬೆಂಗಳೂರೇ ಮರೆತಿದೆಯಲ್ಲ, ಅದು ನನ್ನ ಅಸಮಾಧಾನ.

ಇಂದೋರಿನ ಕ್ರಮ ಹೊಲಕ್ಕೆ ಒಗ್ಗಿತು, ಊರಿಗೆ ಕಷ್ಟವಾಯಿತು. ಮಗುಚಲು ಆಳು ಬೇಕು, ಮಗುಚಿದಾಗ ನೊಣ, ಗಾಳಿಬಿಸಿಲಿಗೆ ಸಾರವೂ ಹಾರಿಹೋಗುತ್ತದೆ. 1939ರಲ್ಲಿ ಬೆಂಗಳೂರಿನಲ್ಲಿ ವಿಜ್ಞಾನಿ ಸಿ.ಎನ್. ಆಚಾರ್ಯ ಇದಕ್ಕೆ ಸರಳ ಪರಿಹಾರ ಕಂಡುಕೊಂಡರು: ಮಗುಚುವುದನ್ನೇ ಬಿಟ್ಟುಬಿಡುವುದು. ಸುಮಾರು ಒಂದು ಮೀಟರ್ ಆಳದ ಗುಂಡಿಯಲ್ಲಿ ಒಂದು ಪದರ ಕಸ, ಒಂದು ಪದರ ಮಲ, ಮತ್ತೆ ಕಸ. ತುಂಬಿದ ಮೇಲೆ 15–20 ಸೆಂಟಿಮೀಟರ್ ಕಸದ ಹೊದಿಕೆ. ರಾಶಿ ಕುಸಿದಂತೆಲ್ಲ ಮೇಲೆ ಇನ್ನಷ್ಟು ತುಂಬಿ, ಕೊನೆಗೆ ಮಣ್ಣು ಮುಚ್ಚುವುದು. ಮೊದಲ ಎಂಟು ಹತ್ತು ದಿನ ಒಳಗಿನ ಗಾಳಿಯಲ್ಲಿ ಬಿರುಸಾಗಿ ಕೊಳೆಯುತ್ತದೆ, ಆಮೇಲೆ ಗಾಳಿಯಿಲ್ಲದೆ ನಿಧಾನವಾಗಿ. 6ರಿಂದ 8 ತಿಂಗಳಲ್ಲಿ ಗೊಬ್ಬರ ಸಿದ್ಧ. ಕೈಪಿಡಿಗಳಲ್ಲಿ ಬೆಂಗಳೂರಿನ ಹೆಸರಿರುವುದು ಈ ಕ್ರಮಕ್ಕೇ. 'ಹೆಚ್ಚು ಆಹಾರ ಬೆಳೆಯಿರಿ' ಎಂಬ ಕರೆ ಮೊಳಗಿದ 1940ರ ದಶಕದಲ್ಲಿ ದೇಶದ ಹಲವು ಪಟ್ಟಣಗಳು ಇಂಥ ಗುಂಡಿ ತೋಡಿದವು.

ಅಭಿಮಾನದ ಭರದಲ್ಲಿ ಒಂದು ಮಾತನ್ನು ಮುಚ್ಚಿಡಬಾರದು. ಮಲದ ಆ ಎರಡನೆಯ ಪದರವನ್ನು ಗುಂಡಿಯವರೆಗೆ ಹೊತ್ತವರು ಜಾತಿಯ ಕಾರಣಕ್ಕೆ ಆ ಕೆಲಸಕ್ಕೆ ದೂಡಲ್ಪಟ್ಟ ಜನ. 1970ರ ದಶಕದಲ್ಲಿ ದೇವರಾಜ ಅರಸು ಸಂಪುಟದ ಸಚಿವ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವುದನ್ನು ನಿಷೇಧಿಸಿದರು. ಆ ಪದರ ಹೋದದ್ದು ಒಳ್ಳೆಯದೇ ಆಯಿತು. ಅದರ ಜೊತೆಗೆ ಎಲೆಯ ಪದರವನ್ನೂ ನಾವು ಕೈಬಿಟ್ಟದ್ದಕ್ಕೆ ಮಾತ್ರ ಕಾರಣ ಕಾಣೆ. 1975ರಲ್ಲಿ ಕರ್ನಾಟಕ ಕಾಂಪೋಸ್ಟ್ ಅಭಿವೃದ್ಧಿ ನಿಗಮವೇನೋ ಬಂತು, ಆದರೆ ಊರು ಬೆಳೆದ ವೇಗಕ್ಕೆ ಗೊಬ್ಬರ ಮಾಡುವ ಕೆಲಸ ಸಾಟಿಯಾಗಲಿಲ್ಲ. ಎಲೆಯೋ ಹೆಚ್ಚುತ್ತಲೇ ಹೋಯಿತು. ತೋಟಗಾರಿಕೆ ತಜ್ಞ ಕ್ರುಂಬಿಗಲ್ ಕಾಲದ ಹೂಮರಗಳ ಸಾಲಿಗೆ 1980ರ ದಶಕದಲ್ಲಿ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳರು ಲಕ್ಷಗಟ್ಟಲೆ ಸಸಿ ಸೇರಿಸಿದರು. ಅವರು ಕೊಟ್ಟ ನೆರಳು ನಮಗೆ ಬೇಕು, ಆ ನೆರಳಿನ ಎಲೆ ಬೇಡ!

ಎಲೆಯನ್ನು ಗುಡಿಸಲೇಬಾರದು ಎನ್ನುವವರೂ ಇದ್ದಾರೆ. ಮರದ ಬುಡದಲ್ಲಿ, ಗಿಡದ ಪಾತಿಯಲ್ಲಿ ಅದು ಸರಿ. ಕಾಂಡಕ್ಕೆ ತಾಗದಂತೆ ಮೂರು ನಾಲ್ಕು ಇಂಚು ಹರವಿದರೆ ಏಪ್ರಿಲ್ ಬಿಸಿಲಿಗೂ ಮಣ್ಣಿನ ತೇವ ಆರದು, ಕಳೆಯೂ ಕಡಿಮೆ, ಎರೆಹುಳು ಮೇಲೆ ಬರುತ್ತದೆ. ಹುಲ್ಲುಹಾಸಿನ ಮಾತು ಬೇರೆ. ದಪ್ಪಗೆ ಬಿದ್ದ ಎಲೆ ಹುಲ್ಲಿಗೆ ಬೆಳಕು ತಪ್ಪಿಸುತ್ತದೆ, ಅಡಿಯಲ್ಲಿ ತೇವ ನಿಂತು ಹುಲ್ಲು ಹಳದಿಯಾಗಿ ಕೊಳೆಯುತ್ತದೆ, ಬೂಷ್ಟು ಹಿಡಿಯುತ್ತದೆ. ಅಲ್ಲಿ ಎಲೆ ಎಳೆಯುವ ಕುಂಟೆ ಆಡಲೇಬೇಕು. ತೆಳ್ಳಗೆ ಬಿದ್ದಿದ್ದರೆ ಹುಲ್ಲು ಕತ್ತರಿಸುವ ಯಂತ್ರವನ್ನೇ ಅದರ ಮೇಲೆ ಓಡಿಸಿ ಪುಡಿ ಮಾಡಿಬಿಟ್ಟರೆ ಸಾಕು, ಹುಲ್ಲಿಗೇ ಗೊಬ್ಬರ.

ಎಲೆಯನ್ನು ಕೊಳೆಸದೆ ಹಾಗೆಯೇ ಮಣ್ಣಿಗೆ ಬೆರೆಸುವ ಅವಸರವೂ ಬೇಡ. ಬಹುಪಾಲು ಒಣಗಿದ ಎಲೆಯಲ್ಲಿ ಒಂದು ಪಾಲು ಸಾರಜನಕಕ್ಕೆ 50 ಪಾಲಿಗೂ ಹೆಚ್ಚು ಇಂಗಾಲವಿರುತ್ತದೆ. ಕೊಳೆಸುವ ಜೀವಿಗಳಿಗೆ ಒಗ್ಗುವುದು 25–30 ಪಾಲು. ಕೊರತೆಬಿದ್ದ ಸಾರಜನಕವನ್ನು ಅವು ಮಣ್ಣಿನಿಂದಲೇ ಹೀರುತ್ತವೆ, ಗಿಡದ ಎಲೆ ಬಿಳಿಚುತ್ತದೆ. ಸಾರಜನಕಕ್ಕೆಂದು ಆಚಾರ್ಯರು ಹಾಕಿಸುತ್ತಿದ್ದ ಪದರದ ಜಾಗದಲ್ಲಿ ಈಗ ಕತ್ತರಿಸಿದ ಹಸಿಹುಲ್ಲು, ತರಕಾರಿ ಸಿಪ್ಪೆ, ಸಗಣಿ ಬಗ್ಗಡ ಸಾಕು. ಅದಕ್ಕೆ ಒಂದು ಬುಟ್ಟಿ ಹಳೆಯ ಗೊಬ್ಬರ ಹಾಕಿದರೆ ಫೌಲರ್ ಅವರ ಹೆಪ್ಪೂ ಸೇರಿತು. ಮನೆಯಲ್ಲಿ ತೆಂಗಿದ್ದರೆ ಗುಂಡಿ ಚೆನ್ನಾಗಿ ಮುಚ್ಚಿರಲಿ. ಸುಳಿ ಕೊರೆಯುವ ಕೊಂಬಿನ ದುಂಬಿ ಮೊಟ್ಟೆಯಿಡುವುದು ಇಂಥ ರಾಶಿಗಳಲ್ಲೇ.

2016ರ ಘನತ್ಯಾಜ್ಯ ನಿಯಮಗಳು ಕಸ ಸುಡುವುದನ್ನು ನಿಷೇಧಿಸಿದವು, ತೋಟದ ಕಸವನ್ನು ಪ್ರತ್ಯೇಕವಾಗಿ ಇಡಬೇಕೆಂದೂ ಹೇಳಿದವು. ಹಾಗೆ ಇಟ್ಟದ್ದು ಎಲ್ಲಿಗೆ ಹೋಗಬೇಕು ಎಂಬುದಕ್ಕೆ ಊರಿನ ಸಾವಿರಕ್ಕೂ ಮಿಕ್ಕ ಉದ್ಯಾನಗಳೇ ಉತ್ತರ. ಪ್ರತಿ ಉದ್ಯಾನದ ಎತ್ತರದ ಮೂಲೆಯಲ್ಲಿ, ಮಳೆನೀರು ನಿಲ್ಲದಂತೆ ತಳ ಇಳಿಜಾರು ಮಾಡಿದ ಎರಡು ಗುಂಡಿ ಬೇಕು, ಒಂದು ಮಾಗುವಾಗ ಇನ್ನೊಂದು ತುಂಬಲು. ಯುಗಾದಿಯ ಆಸುಪಾಸಿನಲ್ಲಿ ಮುಚ್ಚಿದ ಗುಂಡಿಯನ್ನು ದೀಪಾವಳಿ ಹೊತ್ತಿಗೆ ತೆರೆಯಬಹುದು. ತೆರೆದಾಗ ಒಂದೆರಡು ಬುಟ್ಟಿಯನ್ನು ಮುಂದಿನ ಗುಂಡಿಗೆಂದು ಎತ್ತಿಡಬೇಕು.