ಮಳೆ ಸುರಿಯುತ್ತಿತ್ತೋ, ಸುರಿಯಿತೋ?

ಅಮೆರಿಕದ ಶಾಲೆಗಳಲ್ಲಿ ಅತಿ ಹೆಚ್ಚು ಮಕ್ಕಳು ಕಲಿಯುವ ಪರಭಾಷೆ ಸ್ಪ್ಯಾನಿಷ್. ಅಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳ ಮಕ್ಕಳೂ ಅದನ್ನು ಅಭ್ಯಸಿಸುವುದುಂಟು. ಕಳೆದ ದಿನಗಳ ಮಳೆ, ಬಿಸಿಲು, ಚಳಿಗಳನ್ನು ವರ್ಣಿಸುವಾಗ ಯಾವ ಕ್ರಿಯಾರೂಪವನ್ನು ಬಳಸಬೇಕೆಂಬುದು ಕಲಿಯುವವರನ್ನು ಬಹುವಾಗಿ ಕಾಡುವ ಪ್ರಶ್ನೆ.

ಇದಕ್ಕೆ ಸ್ಪ್ಯಾನಿಷ್ ಭಾಷೆಯಲ್ಲಿ ಮುಖ್ಯವಾಗಿ ಎರಡು ಭೂತಕಾಲದ ರೂಪಗಳುಂಟು. ‘ಯೊವಿಯಾ’ ಎಂದರೆ ಮಳೆ ಸುರಿಯುತ್ತಿತ್ತು. ‘ಯೊವಿಯೋ’ ಎಂದರೆ ಮಳೆ ಸುರಿಯಿತು. ಮೊದಲನೆಯದು ಕಥೆಗೆ ಹಿನ್ನೆಲೆಯಾಗುತ್ತದೆ. ಎರಡನೆಯದು ನಡೆದು ಮುಗಿದ ಘಟನೆಯನ್ನು ತಿಳಿಸುತ್ತದೆ. ಚಳಿಗೆ ಆ ಭಾಷಿಕರು ‘ಮಾಡು’ ಎಂಬರ್ಥದ ಧಾತುವನ್ನು ಬಳಸುತ್ತಾರೆ: ‘ಅಸಿಯಾ ಫ್ರಿಯೊ’ ಎಂದರೆ ಆಗ ಚಳಿಯಿತ್ತು, ‘ಈಸೊ ಫ್ರಿಯೊ’ ಎಂದರೆ ಆ ದಿನ ಚಳಿಯಾಯಿತು.

ಇಷ್ಟರಮಟ್ಟಿಗೆ ಕನ್ನಡವೇ ನಮಗೆ ದಾರಿ ತೋರುತ್ತದೆ. ಆದರೆ ಒಂದೆಡೆ ಎಚ್ಚರ ಬೇಕು. ‘ರಾತ್ರಿಯೆಲ್ಲ ಮಳೆ ಸುರಿಯುತ್ತಿತ್ತು’ ಎಂದು ನಾವು ಸಹಜವಾಗಿ ಹೇಳುತ್ತೇವೆ. ಸ್ಪ್ಯಾನಿಷ್ ಭಾಷಿಕರು ಇಲ್ಲಿ ಸಾಮಾನ್ಯವಾಗಿ ‘ಯೊವಿಯೋ’ ಎನ್ನುತ್ತಾರೆ. ರಾತ್ರಿ ಎಷ್ಟೇ ದೀರ್ಘವಾಗಿದ್ದರೂ ಅದಕ್ಕೊಂದು ಆದಿ, ಒಂದು ಅಂತ್ಯವುಂಟಷ್ಟೆ. ಬಾಲ್ಯದ ಮಳೆಗಾಲಗಳನ್ನು ನೆನೆಯುವಾಗ ಅಂಥ ಮೇರೆಯಿಲ್ಲ. ಆಗ ‘ಯೊವಿಯಾ’ ಸಲ್ಲುತ್ತದೆ.

ರೂಪ ತಪ್ಪಿದರೆ ಅರ್ಥವೇ ಹೇಗೆ ಕೆಡುವುದೆಂಬುದಕ್ಕೆ ಒಂದು ನಿದರ್ಶನವನ್ನು ನೋಡೋಣ. 2024ರ ಅಕ್ಟೋಬರ್ 29ರಂದು ಸ್ಪೇನಿನ ವಲೆನ್ಸಿಯಾ ಪ್ರಾಂತ್ಯದಲ್ಲಿ ಘೋರ ಪ್ರವಾಹವುಂಟಾಯಿತು. ಟುರಿಸ್ ಎಂಬ ಊರಿನಲ್ಲಿ ಒಂದೇ ದಿನ 770 ಮಿಲಿಮೀಟರಿಗೂ ಹೆಚ್ಚು ಮಳೆ ಬಿದ್ದಿತು. 220ಕ್ಕೂ ಹೆಚ್ಚು ಜನರು ಅಸುನೀಗಿದರು. ಆದರೆ ಕೆಳಭಾಗದ ಪೈಪೋರ್ತಾದಂತಹ ಊರುಗಳಿಗೆ ನೀರು ನುಗ್ಗಿದಾಗ ಅಲ್ಲಿ ಮಳೆ ಸುರಿಯುತ್ತಿರಲಿಲ್ಲ. ಮೇಲಿನ ಪ್ರದೇಶದ ಮಳೆನೀರು ಹಳ್ಳದ ಗುಂಟ ಹರಿದು ಬಂದಿತ್ತು. ಜನರ ಮೊಬೈಲ್‌ಗಳಿಗೆ ಎಚ್ಚರಿಕೆಯ ಸಂದೇಶ ಬಂದದ್ದು ರಾತ್ರಿ 8 ಗಂಟೆ 11 ನಿಮಿಷಕ್ಕೆ. ಅಷ್ಟರಲ್ಲಿ ಅನೇಕ ಬೀದಿಗಳು ಜಲಾವೃತವಾಗಿದ್ದವು.

ಆ ಸಂಕಟವನ್ನು ಸ್ಪ್ಯಾನಿಷ್‌ನಲ್ಲಿ ಒಂದೇ ವಾಕ್ಯದಲ್ಲಿ ಹೇಳಬಹುದು: ‘ನೋ ಯೊವಿಯಾ ಕ್ವಾಂದೊ ಯೆಗೋ ಎಲ್ ಆಗ್ವ’. ಎಂದರೆ, ನೀರು ಬಂದಾಗ ಮಳೆ ಸುರಿಯುತ್ತಿರಲಿಲ್ಲ. ಮಳೆಯಿಲ್ಲದ ಆ ಹಿನ್ನೆಲೆಯೇ ಜನರನ್ನು ಮೈಮರೆಸಿತು. ಇಲ್ಲಿ ‘ನೋ ಯೊವಿಯೋ’ ಎಂದುಬಿಟ್ಟರೆ ‘ಮಳೆ ಬರಲಿಲ್ಲ’ ಎಂಬ ಬರಿಯ ವರದಿಯಾಗುತ್ತದೆ. ಆ ಕ್ಷಣದ ಮೋಸ ಮರೆಯಾಗುತ್ತದೆ.

ಆದುದರಿಂದ ಮಕ್ಕಳಿಗೆ ಕ್ರಿಯಾರೂಪಗಳ ಪಟ್ಟಿಯನ್ನು ಕಂಠಪಾಠ ಮಾಡಿಸುವ ಮುನ್ನ ಎರಡು ಪ್ರಶ್ನೆಗಳನ್ನು ಕೇಳೋಣ: ‘ಆಗ ಹೊರಗೆ ಹೇಗಿತ್ತು? ಆಮೇಲೆ ಏನಾಯಿತು?’ ಮೊದಲನೆಯದಕ್ಕೆ ‘ಯೊವಿಯಾ’ ಉತ್ತರ ಕೊಡುತ್ತದೆ, ಎರಡನೆಯದಕ್ಕೆ ‘ಯೊವಿಯೋ’.