ಆಕಾಶದಲ್ಲೂ ಲೋಡ್ ಶೆಡ್ಡಿಂಗ್!

ನಮ್ಮ ಕಲ್ಲೋಳಿಗೆ ಲೋಡ್ ಶೆಡ್ಡಿಂಗ್ ಹೊಸದಲ್ಲ. ಬೆಳಗಾವಿಯ ಸಾಂಬ್ರಾದಲ್ಲಿ ವಿಮಾನ ಹಾರಿಸಲು ಕಲಿಯುವವರೂ ಇದೇ ಪದ ಕಲಿಯುತ್ತಾರೆ!

ಸೆಸ್ನಾ 172ರಂಥ ಪುಟ್ಟ ವಿಮಾನದಲ್ಲಿ ಆಲ್ಟರ್ನೇಟರ್ ಕೈಕೊಟ್ಟರೂ ಎಂಜಿನ್ ನಿಲ್ಲದು. ಹಳೆಯ ಲೂನಾದಂತೆ ಅದರ ಕಿಡಿ ಮ್ಯಾಗ್ನೆಟೊದಿಂದ ಬರುತ್ತದೆ. ಅದೂ ಒಂದಲ್ಲ, ಎರಡು. ಆದರೆ ರೇಡಿಯೊ, ದೀಪ, ಫ್ಲ್ಯಾಪ್‌ಗಳಿಗೆ ಬ್ಯಾಟರಿಯೇ ಗತಿ. ಅದು ಬಾಳುವುದು ಸುಮಾರು ಅರ್ಧ ಗಂಟೆ.

ಪೈಲಟ್‌ಗಳು ಗಾಬರಿಯಾಗದೆ ಮೊದಲು ವಿಮಾನವನ್ನು ಸ್ಥಿರವಾಗಿ ಹಾರಿಸುತ್ತಾರೆ. ಆಮೇಲೆ ಚೆಕ್‌ಲಿಸ್ಟ್ ನೋಡಿ ಆಲ್ಟರ್ನೇಟರ್ ಮತ್ತೆ ಚಾಲೂ ಮಾಡಿ ನೋಡುತ್ತಾರೆ. ಆಗದಿದ್ದರೆ ಬೇಡದ ಸ್ವಿಚ್‌ಗಳನ್ನೆಲ್ಲ ಆರಿಸಿ, ಹತ್ತಿರದ ನಿಲ್ದಾಣದತ್ತ ತಿರುಗುತ್ತಾರೆ. ರೇಡಿಯೊ ಸತ್ತರೂ ಕಂಟ್ರೋಲ್ ಟವರ್ ತೋರಿಸುವ ಸ್ಥಿರ ಹಸಿರು ದೀಪ ‘ಇಳಿಯಿರಿ’ ಎನ್ನುತ್ತದೆ.

ಸಂದರ್ಶನದಲ್ಲಿ ತಲೆ ಖಾಲಿಯಾದಾಗ ನೆನಪಿಡಿ ಗೆಳೆಯರೇ: ಆರಿದ್ದು ದೀಪ, ಎಂಜಿನ್ ಅಲ್ಲ.