ಗುತ್ತಿಗೆದಾರ ಕೊಡುವ ಕೂಲಿಗೆ ಸರ್ಕಾರ ಹೊಣೆಯೇ?

ನಮ್ಮ ಬಂಟ್ವಾಳದ ಕಡೆ ಕೂಲಿಯ ಮಾತು ಬಂದಾಗ ಎರಡು ದರ ಹೇಳುವುದು ರೂಢಿ: ಗಂಡಾಳಿಗೆ ಇಷ್ಟು, ಹೆಣ್ಣಾಳಿಗೆ ಇಷ್ಟು. ಕೆಲಸ ಸರ್ಕಾರದ್ದೇ ಆಗಿದ್ದರೆ? ರಸ್ತೆ, ಚರಂಡಿ, ಶಾಲಾ ಕಟ್ಟಡವನ್ನು ಇಲಾಖೆ ಗುತ್ತಿಗೆಗೆ ಕೊಟ್ಟಿದೆ, ಗುತ್ತಿಗೆದಾರ ಹೆಂಗಸರಿಗೆ ಕಡಿಮೆ ಕೊಡುತ್ತಾನೆ ಎಂದುಕೊಳ್ಳಿ. ಅದು ಅವನ ವ್ಯವಹಾರ ಎಂದು ಇಲಾಖೆ ಕೈತೊಳೆದುಕೊಳ್ಳಬಹುದೇ?

ಈ ಪ್ರಶ್ನೆ 1982ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಬಂತು. ದೆಹಲಿಯಲ್ಲಿ ಏಷ್ಯನ್ ಕ್ರೀಡಾಕೂಟಕ್ಕಾಗಿ ಕ್ರೀಡಾಂಗಣ, ಮೇಲ್ಸೇತುವೆಗಳನ್ನು ಗುತ್ತಿಗೆದಾರರು ಕಟ್ಟುತ್ತಿದ್ದರು. ದಿನದ ಕನಿಷ್ಠ ಕೂಲಿ ರೂ. 9.25. ಆದರೆ ಅದು ಕೂಲಿಯವರ ಕೈಗೆ ನೇರವಾಗಿ ಬರುತ್ತಿರಲಿಲ್ಲ, ಜಮಾದಾರನ ಕೈ ದಾಟಿ ಬರುತ್ತಿತ್ತು. (ಜಮಾದಾರ್ ನಮ್ಮ ಮನೆಯ ಉರ್ದುವಿನ ಪದ, ಇಲ್ಲಿನವರಿಗೆ ಆಳುಗಳನ್ನು ಕರೆತರುವ ಮೇಸ್ತ್ರಿ ಎಂದರೆ ಅರ್ಥವಾದೀತು.) ಅವನು ತಲೆಗೆ ಒಂದು ರೂಪಾಯಿ ಕಮಿಷನ್ ಮುರಿಯುತ್ತಿದ್ದ. ಹೆಂಗಸರಿಗಂತೂ ಸಿಗುತ್ತಿದ್ದದ್ದು 7 ರೂಪಾಯಿ ಮಾತ್ರ ಎಂಬುದು ದೂರು.

ನಾವು ಕಾಮರ್ಸ್‌ನವರು ಲೆಕ್ಕ ಹಾಕೋಣ. ಒಬ್ಬಳಿಂದ ದಿನಕ್ಕೆ ರೂ. 2.25, 26 ದಿನಕ್ಕೆ ರೂ. 58.50. ನೂರು ಹೆಂಗಸರಿದ್ದರೆ ತಿಂಗಳಿಗೆ ರೂ. 5,850. ಪುಸ್ತಕದಲ್ಲಿ ಪೂರ್ತಿ 9.25 ಬರೆದಿದ್ದರೆ ತಾಳೆಪಟ್ಟಿ ಸರಿಯಾಗಿಯೇ ತಾಳೆಯಾಗುತ್ತದೆ. ಲೆಕ್ಕಪುಸ್ತಕ ನೋಡಿ ಈ ಕಳ್ಳತನ ಹಿಡಿಯಲಾಗದು.

ಪೀಪಲ್ಸ್ ಯೂನಿಯನ್ ಫಾರ್ ಡೆಮಾಕ್ರಟಿಕ್ ರೈಟ್ಸ್ ಸಂಘಟನೆ ನ್ಯಾಯಮೂರ್ತಿ ಪಿ.ಎನ್. ಭಗವತಿ ಅವರಿಗೆ ಬರೆದ ಪತ್ರವೇ ಅರ್ಜಿಯಾಯಿತು. ತೀರ್ಪು ಸ್ಪಷ್ಟ: ಕೆಲಸವನ್ನು ಗುತ್ತಿಗೆಗೆ ಕೊಟ್ಟ ಮಾತ್ರಕ್ಕೆ ಸರ್ಕಾರದ ಹೊಣೆ ತಪ್ಪುವುದಿಲ್ಲ. 1976ರ ಸಮಾನ ವೇತನ ಕಾಯ್ದೆಯನ್ನು ಗುತ್ತಿಗೆದಾರ ಪಾಲಿಸುವಂತೆ ನೋಡಿಕೊಳ್ಳುವುದು ಸರ್ಕಾರದ ಕರ್ತವ್ಯ.

1970ರ ಗುತ್ತಿಗೆ ಕಾರ್ಮಿಕರ ಕಾಯ್ದೆಯಲ್ಲಿ ಇದಕ್ಕೊಂದು ದಾರಿ ಆಗಲೇ ಇತ್ತು. ಕೂಲಿ ಬಟವಾಡೆ ಮೂಲ ಮಾಲೀಕನ ಪ್ರತಿನಿಧಿಯ ಎದುರಿನಲ್ಲೇ ಆಗಬೇಕಿತ್ತು. ಗುತ್ತಿಗೆದಾರ ಕಡಿಮೆ ಕೊಟ್ಟರೆ ಬಾಕಿಯನ್ನು ಮೂಲ ಮಾಲೀಕನೇ ಕೊಟ್ಟು, ಆಮೇಲೆ ಗುತ್ತಿಗೆದಾರನಿಂದ ವಸೂಲು ಮಾಡಿಕೊಳ್ಳಬೇಕು. ಸರ್ಕಾರಿ ಕಾಮಗಾರಿಯಲ್ಲಿ ಮೂಲ ಮಾಲೀಕ ಎಂದರೆ ಇಲಾಖೆಯೇ.

1976ರ ಕಾಯ್ದೆಯ ಜಾಗಕ್ಕೆ ಈಗ 2019ರ ವೇತನ ಸಂಹಿತೆ ಬಂದಿದೆ. ಜಾರಿಯಾದದ್ದು 2025ರ ನವೆಂಬರ್ 21ರಂದು. ಒಂದೇ ಅಥವಾ ಒಂದೇ ಬಗೆಯ ಕೆಲಸಕ್ಕೆ ಲಿಂಗ ನೋಡಿ ಬೇರೆ ಕೂಲಿ ಕೊಡುವಂತಿಲ್ಲ. ಸರಿಸಮ ಮಾಡುವ ನೆಪದಲ್ಲಿ ಗಂಡಸರ ಕೂಲಿ ಇಳಿಸುವಂತೆಯೂ ಇಲ್ಲ.

ತಕರಾರು ಹುಟ್ಟುವುದು "ಒಂದೇ ಬಗೆಯ ಕೆಲಸ" ಎಂಬಲ್ಲಿ. ಇಬ್ಬರೂ ಜಲ್ಲಿ ಹೊರುತ್ತಾರೆ, ಅವನು "ಕೆಲಸಗಾರ", ಅವಳು "ಹೆಲ್ಪರ್". ಹೆಸರು ಬದಲಾಯಿತು, ಕೂಲಿಯೂ ಇಳಿಯಿತು. 1987ರಲ್ಲಿ ಸ್ಟೆನೋಗ್ರಾಫರ್ ಆಡ್ರೆ ಡಿ'ಕೋಸ್ತಾ ಅವರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ ಇದಕ್ಕೂ ಉತ್ತರ ಕೊಟ್ಟಿದೆ: ಸಣ್ಣಪುಟ್ಟ ವ್ಯತ್ಯಾಸ ಹಿಡಿದು ಕೂರಬಾರದು, ನಿಜವಾಗಿ ಮಾಡುವ ಕೆಲಸ ನೋಡಬೇಕು. ಕೊಡಲು ಹಣವಿಲ್ಲ ಎಂಬ ಕಂಪನಿಯ ವಾದವೂ ನಡೆಯಲಿಲ್ಲ.

ಹೋಲಿಕೆಗೆ ಉದ್ಯೋಗ ಖಾತ್ರಿಯನ್ನು ನೋಡಿ. 2005ರ ಆ ಕಾಯ್ದೆ ಗುತ್ತಿಗೆದಾರರನ್ನೇ ಹೊರಗಿಟ್ಟಿತ್ತು. 2025-26ಕ್ಕೆ ಕರ್ನಾಟಕದಲ್ಲಿ ನಿಗದಿಯಾದ ದಿನಗೂಲಿ ರೂ. 370, ಗಂಡಿಗೂ ಹೆಣ್ಣಿಗೂ ಅದೇ. ಆ ದರ ಎಲ್ಲರಿಗೂ ಗೊತ್ತಿತ್ತು, ಆದ್ದರಿಂದ ಕೇಳುವುದು ಸುಲಭವಾಗಿತ್ತು.

ಬೆಳ್ತಂಗಡಿ, ಮೂಡುಬಿದಿರೆ ಕಡೆಯಿಂದ ಬಸ್ಸಿನಲ್ಲಿ ಬರುವವರು ರಸ್ತೆ ಬದಿಯ ಕಾಮಗಾರಿ ಫಲಕ ಓದಿರುತ್ತೀರಿ. ಅಂದಾಜು ಮೊತ್ತ, ಗುತ್ತಿಗೆದಾರನ ಹೆಸರು ಇರುತ್ತದೆ. ದಿನಗೂಲಿ ಎಷ್ಟು ಎಂಬ ಒಂದು ಸಾಲಿಗೂ ಅದರಲ್ಲಿ ಜಾಗ ಕೊಡಬಹುದಿತ್ತು.